ಹಿಮ್ಮೇಳದ ಹಿರಿಮೆ: ಜಾನ್ ಪಾಲ್ ಜೋನ್ಸ್ ಅವರ ಮ್ಯಾಂಡೊಲಿನ್ ನಿಷ್ಠೆಯ ಮರುವಿಚಾರ

ಬ್ರಿಟಿಷ್ ರಾಕ್ ತಂಡವಾದ ಲೆಡ್ ಝೆಪೆಲಿನ್‌ನ ಧ್ವನಿಮುದ್ರಣಗಳಲ್ಲಿ ಮ್ಯಾಂಡೊಲಿನ್ ವಾದ್ಯಕ್ಕಿರುವ ಸ್ಥಾನವನ್ನು ಬಹುಮಟ್ಟಿಗೆ ‘ಬೆಳಕು-ನೆರಳು’ ಎಂಬ ಸೂತ್ರದಿಂದಲೇ ವಿವರಿಸುತ್ತ ಬರಲಾಗಿದೆ. ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಅವರೇ ತಮ್ಮ ಸಂಗೀತದ ಬಗ್ಗೆ ಮತ್ತೆ ಮತ್ತೆ ಬಳಸಿದ ಈ ಮಾತಿನಂತೆ, ವಿದ್ಯುತ್ ಗಿಟಾರಿನ ಅಬ್ಬರ ಒಂದು ಕಡೆ, ವಿದ್ಯುತ್ತಿನ ಹಂಗಿಲ್ಲದ ತಂತಿವಾದ್ಯಗಳ ಮೆಲುದನಿ ಇನ್ನೊಂದು ಕಡೆ, ಇವೆರಡರ ವೈದೃಶ್ಯದಿಂದಲೇ ಆ ಸಂಗೀತ ರೂಪುಗೊಂಡಿದೆ. ಸೂತ್ರ ತಪ್ಪೇನಲ್ಲ, ಆದರೆ ಅದನ್ನಷ್ಟೇ ನೆಚ್ಚಿಕೊಂಡರೆ ಮ್ಯಾಂಡೊಲಿನ್ ಬಣ್ಣ ತುಂಬುವ ಸಾಧನವಾಗಿ ಉಳಿದುಬಿಡುತ್ತದೆ, ಮತ್ತು ತಂಡದ ಬೇಸ್ ವಾದಕ ಜಾನ್ ಪಾಲ್ ಜೋನ್ಸ್ ಅವರು ಆ ಪುಟ್ಟ ವಾದ್ಯಕ್ಕೆ ನಾಲ್ಕು ದಶಕಗಳಿಗೂ ಮೀರಿ ತೋರಿದ ನಿಷ್ಠೆ ಹೆಸರಾಂತ ಕಲಾವಿದನೊಬ್ಬನ ಬಿಡುವಿನ ಹವ್ಯಾಸವಾಗಿ ಕಾಣತೊಡಗುತ್ತದೆ. ಈ ಲೇಖನ ಆ ತೀರ್ಮಾನವನ್ನು ಒಪ್ಪುವುದಿಲ್ಲ. ಜೋನ್ಸ್ ಅವರ ಮ್ಯಾಂಡೊಲಿನ್ ವಾದನವು ಅವರ ಬೇಸ್ ವಾದನದ ಮುಂದುವರಿಕೆಯೇ ಆಗಿದೆ, ಅವರ ವಿನಯವೆಂದು ಹೊಗಳಲಾಗುವ ಗುಣವೂ ಹಿಮ್ಮೇಳದ ದುಡಿಮೆಯಿಂದ ರೂಢಿಯಾದ ಒಂದು ಶಿಸ್ತು ಎಂಬುದು ಇಲ್ಲಿನ ವಾದ.

ಜೀವನದ ವಿವರಗಳ ಬಗ್ಗೆ ತಕರಾರಿಲ್ಲ. 1946ರ ಜನವರಿ 3ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಸಿಡ್‌ಕಪ್‌ನಲ್ಲಿ ಹುಟ್ಟಿದ ಜಾನ್ ಬಾಲ್ಡ್‌ವಿನ್, ಪಿಯಾನೊ ವಾದಕರೂ ವಾದ್ಯಸಂಯೋಜಕರೂ ಆಗಿದ್ದ ತಂದೆಯ ಮನೆಯಲ್ಲಿ ಬೆಳೆದು, ಹದಿಹರೆಯದಲ್ಲಿಯೇ ಚರ್ಚಿನ ಆರ್ಗನ್ ನುಡಿಸಿ, ಜಾನ್ ಪಾಲ್ ಜೋನ್ಸ್ ಎಂಬ ಹೆಸರಿನಲ್ಲಿ 1960ರ ದಶಕದ ಲಂಡನ್ ಸ್ಟುಡಿಯೊಗಳ ಬೇಡಿಕೆಯ ಸಂಗೀತಗಾರರಾದರು. ರೋಲಿಂಗ್ ಸ್ಟೋನ್ಸ್ ತಂಡದ 1967ರ ‘ಶೀ ಈಸ್ ಎ ರೇನ್‌ಬೋ’ ಹಾಡಿನ ತಂತಿವಾದ್ಯಗಳ ಸಂಯೋಜನೆ ಅವರದು. ಹಾಡು ಯಾರದ್ದೋ, ಹೆಸರು ಯಾರದ್ದೋ, ಅದಕ್ಕೆ ಆಧಾರವಾಗಿ ನಿಲ್ಲುವ ದನಿ ಮಾತ್ರ ತನ್ನದು ಎಂಬ ಈ ಕಸುಬಿನ ರೀತಿಯನ್ನು ಅವರು 1968ರಲ್ಲಿ ಲೆಡ್ ಝೆಪೆಲಿನ್ ಸೇರುವ ಮೊದಲೇ ರೂಢಿಸಿಕೊಂಡಿದ್ದರು.

ಮ್ಯಾಂಡೊಲಿನ್ ಎಂಬುದು ಇಟಲಿಯ ನೇಪಲ್ಸ್‌ನಲ್ಲಿ 18ನೇ ಶತಮಾನದಲ್ಲಿ ಈಗಿನ ರೂಪಕ್ಕೆ ಬಂದ, ನಾಲ್ಕು ಜೋಡಿಗಳಲ್ಲಿ ಎಂಟು ತಂತಿಗಳಿರುವ ಚಿಕ್ಕ ವಾದ್ಯ. ಒಂದೊಂದು ಜೋಡಿಯ ಎರಡೂ ತಂತಿಗಳು ಒಂದೇ ಶ್ರುತಿಯಲ್ಲಿರುತ್ತವೆ, ಜೋಡಿಗಳು ಪಿಟೀಲಿನಂತೆ ಜಿ, ಡಿ, ಎ, ಇ ಸ್ವರಗಳಿಗೆ ಶ್ರುತಿಗೊಂಡಿರುತ್ತವೆ. ತಂತಿಯ ಮಿಡಿಯುವ ಭಾಗ ಸುಮಾರು 35 ಸೆಂಟಿಮೀಟರ್ ಮಾತ್ರವಾದ್ದರಿಂದ ಮೀಟಿದ ನಾದ ಬೇಗ ಆರಿಹೋಗುತ್ತದೆ. ಆದಕಾರಣ ವಾದಕನು ನಾದವನ್ನು ನಿಲ್ಲಿಸಿಕೊಳ್ಳಬೇಕಾದರೆ ಅದೇ ಜೋಡಿಯನ್ನು ಮೇಲೆ ಕೆಳಗೆ ವೇಗವಾಗಿ ಮೀಟುತ್ತ ಹೋಗಬೇಕು. ಇದಕ್ಕೆ ಟ್ರೆಮೊಲೊ ಎನ್ನುತ್ತಾರೆ. ಅಮೆರಿಕದ ಗಿಬ್ಸನ್ ಕಂಪನಿಯಲ್ಲಿ ಲಾಯ್ಡ್ ಲೋರ್ 1922ರ ಸುಮಾರಿಗೆ ರೂಪಿಸಿದ ಎಫ್-5 ಮಾದರಿ, ವಾದಕ ಬಿಲ್ ಮನ್ರೋ ಅವರ ಕೈಯಲ್ಲಿ ಬ್ಲೂಗ್ರಾಸ್ ಎಂಬ ಗ್ರಾಮೀಣ ತಂತಿವಾದ್ಯ ಮೇಳದ ಮುಖ್ಯ ವಾದ್ಯವಾಯಿತು.

ಲೆಡ್ ಝೆಪೆಲಿನ್ ಕುರಿತ ಅಧ್ಯಯನಗಳು ಬೇರೆ ಪ್ರಶ್ನೆಗಳನ್ನು ಎತ್ತಿಕೊಂಡಿವೆ. ಸೂಸನ್ ಫಾಸ್ಟ್ ಅವರ 2001ರ ಗ್ರಂಥ ರಾಕ್ ಸಂಗೀತದಲ್ಲಿನ ಆಚರಣೆ, ಪುರಾಣ, ದೇಹ ಮತ್ತು ಲಿಂಗಭಾವಗಳನ್ನು ಶೋಧಿಸುತ್ತದೆ. ಎರಿಕ್ ಡೇವಿಸ್ ಅವರ 2005ರ ಕಿರುಗ್ರಂಥ ತಂಡದ ನಾಲ್ಕನೆಯ ಆಲ್ಬಮ್ಮನ್ನು ಗೂಢಾರ್ಥಗಳ ಯಾತ್ರೆಯಾಗಿ ಓದುತ್ತದೆ. ಎರಡೂ ಬೆಲೆಯುಳ್ಳ ಕೃತಿಗಳೇ. ಆದರೆ ಯಾವ ವಾದ್ಯ ಯಾರ ಕೈಯಲ್ಲಿತ್ತು, ಅದು ಕೈಯಲ್ಲಿದ್ದಾಗ ಆ ವಾದಕ ಯಾವ ಕೆಲಸವನ್ನು ಬಿಟ್ಟುಕೊಟ್ಟಿದ್ದ ಎಂಬ ಸರಳ ಪ್ರಶ್ನೆಯನ್ನು ಪ್ರತ್ಯೇಕವಾಗಿ ಕೇಳಿಕೊಂಡರೆ ಬೇರೊಂದು ಚಿತ್ರ ಮೂಡುತ್ತದೆ.

1971ರ ನವೆಂಬರಿನಲ್ಲಿ ಹೊರಬಂದ ನಾಲ್ಕನೆಯ ಆಲ್ಬಮ್ಮಿನಲ್ಲಿ ಮ್ಯಾಂಡೊಲಿನ್ ಕೇಳಿಬರುವ ಹಾಡುಗಳು ಎರಡು: ‘ಗೋಯಿಂಗ್ ಟು ಕ್ಯಾಲಿಫೋರ್ನಿಯಾ’ ಮತ್ತು ‘ದ ಬ್ಯಾಟಲ್ ಆಫ್ ಎವರ್‌ಮೋರ್’. ಮೊದಲನೆಯದರಲ್ಲಿ ಪೇಜ್ ಗಿಟಾರ್, ಜೋನ್ಸ್ ಮ್ಯಾಂಡೊಲಿನ್ ನುಡಿಸಿದ್ದಾರೆ. ಎರಡನೆಯದು ಹುಟ್ಟಿದ್ದು ಹ್ಯಾಂಪ್‌ಶೈರಿನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯಲ್ಲಿ, ಜೋನ್ಸ್ ಅವರ ಮ್ಯಾಂಡೊಲಿನ್ ಅಲ್ಲಿ ಇದ್ದುದನ್ನು ಪೇಜ್ ಎತ್ತಿಕೊಂಡು ನುಡಿಸತೊಡಗಿದಾಗ. ಅದಕ್ಕೆ ಮೊದಲು ತಾವು ಆ ವಾದ್ಯ ನುಡಿಸಿರಲಿಲ್ಲವೆಂದು ಪೇಜ್ ಹೇಳಿಕೊಂಡಿದ್ದಾರೆ. ಮುದ್ರಿತ ಹಾಡಿನಲ್ಲಿ ಮ್ಯಾಂಡೊಲಿನ್ ಪೇಜ್ ಅವರದು. ವಾದ್ಯದ ಒಡೆಯರಾದ ಜೋನ್ಸ್ ಗಿಟಾರ್ ಹಿಡಿದು ಅದಕ್ಕೆ ಆಸರೆಯಾಗಿದ್ದಾರೆ. ತಂಡದ ಗಾಯಕ ರಾಬರ್ಟ್ ಪ್ಲಾಂಟ್ ಅವರ ಜೊತೆ ಗಾಯಕಿ ಸ್ಯಾಂಡಿ ಡೆನ್ನಿ ದನಿಗೂಡಿಸಿದ ಆ ಹಾಡಿನ ಮ್ಯಾಂಡೊಲಿನ್ ನುಡಿಸಾಣಿಕೆ ಇಂದು ರಾಕ್ ಕೇಳುಗರಿಗೆ ಅತಿ ಪರಿಚಿತವಾದವುಗಳಲ್ಲಿ ಒಂದು. ಆ ವಾದ್ಯವನ್ನು ಮುಂದೆ ಬದುಕಿನುದ್ದಕ್ಕೂ ಕೈಬಿಡದ ಸಂಗೀತಗಾರನ ಹೆಸರು ಮಾತ್ರ ಆ ನುಡಿಸಾಣಿಕೆಗೆ ಅಂಟಿಕೊಂಡಿಲ್ಲ.

ಎರಡೂ ಹಾಡುಗಳಲ್ಲಿ ಡ್ರಮ್ ಇಲ್ಲ, ಬೇಸ್ ಗಿಟಾರೂ ಇಲ್ಲ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ‘ಬೆಳಕು-ನೆರಳು’ ಸೂತ್ರದವರು ಇದನ್ನು ಗದ್ದಲದ ನಡುವಿನ ವಿರಾಮವೆಂದು ವಿವರಿಸುತ್ತಾರೆ. ಆದರೆ ತಾಳ ಮತ್ತು ತಳಸ್ವರಗಳ ಹೊಣೆ ಹೊತ್ತವನ ಕಡೆಯಿಂದ ನೋಡಿದರೆ, ಅಲ್ಲಿ ಆ ಹೊಣೆ ಇಲ್ಲವಾಗಿಲ್ಲ, ಜಾಗ ಬದಲಿಸಿದೆ. ಡ್ರಮ್ ಇಲ್ಲದ ಹಾಡಿನಲ್ಲಿ ಕಾಲಪ್ರಮಾಣ ಸಡಿಲಗೊಳ್ಳದಂತೆ ಕಾಯುವವು ಮೀಟುವ ಕೈಗಳೇ. ‘ಗೋಯಿಂಗ್ ಟು ಕ್ಯಾಲಿಫೋರ್ನಿಯಾ’ದಲ್ಲಿ ಗಿಟಾರು ಬಿಡಿಸಿ ನುಡಿಸುವ ಸ್ವರಗಳ ಎಡೆಗಳಲ್ಲಿ ಮ್ಯಾಂಡೊಲಿನ್ ತನ್ನ ಸಣ್ಣ ಸ್ವರಗಳನ್ನು ಕೂಡಿಸುತ್ತದೆ, ಎಲ್ಲಿಯೂ ಗಾಯಕನ ಸಾಲಿನ ಮೇಲೆ ಏರಿ ನಿಲ್ಲುವುದಿಲ್ಲ. 1975ರ ಮೇ ತಿಂಗಳಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಸಭಾಂಗಣದಲ್ಲಿ ಕುಳಿತು ನುಡಿಸಿದ ಭಾಗದಲ್ಲಿಯೂ ಜೋನ್ಸ್ ಅವರ ಪಾತ್ರ ಇದೇ ಬಗೆಯದು.

1977ರ ಅಮೆರಿಕ ಪ್ರವಾಸದ ಸಾಕ್ಷ್ಯ ಇನ್ನೂ ಬಲವಾದದ್ದು. ವಾದ್ಯತಯಾರಕ ಆಂಡಿ ಮ್ಯಾನ್ಸನ್ ಅವರು ಜೋನ್ಸ್ ಅವರಿಗಾಗಿ ಮ್ಯಾಂಡೊಲಿನ್, ಹನ್ನೆರಡು ತಂತಿಯ ಗಿಟಾರ್, ಆರು ತಂತಿಯ ಗಿಟಾರ್ ಈ ಮೂರರ ಕೊರಳುಗಳನ್ನು ಒಂದೇ ಒಡಲಿಗೆ ಜೋಡಿಸಿದ ವಾದ್ಯವನ್ನು ಕಟ್ಟಿಕೊಟ್ಟಿದ್ದರು. ‘ಟೆನ್ ಇಯರ್ಸ್ ಗಾನ್’ ಹಾಡಿಗೆ ಅದನ್ನು ನುಡಿಸುವಾಗ ಜೋನ್ಸ್ ಕಾಲಿನಿಂದ ಪೆಡಲ್ ಒತ್ತಿ ಬೇಸ್ ಸ್ವರಗಳನ್ನೂ ಹೊರಡಿಸುತ್ತಿದ್ದರು. ಕೈಗೆ ತಂತಿ ಬಂದರೂ ಬೇಸಿನ ಹೊಣೆ ಕಾಲಿಗೆ ಇಳಿದಿತ್ತೇ ಹೊರತು ಬಿಟ್ಟುಹೋಗಿರಲಿಲ್ಲ. ಅದೇ ಪ್ರವಾಸದಲ್ಲಿ ‘ಎವರ್‌ಮೋರ್’ ವೇದಿಕೆಯೇರಿದಾಗ ಸ್ಯಾಂಡಿ ಡೆನ್ನಿ ಹಾಡಿದ್ದ ಸಾಲುಗಳನ್ನು ಹಾಡುವ ಕೆಲಸವೂ ಅವರ ಪಾಲಿಗೆ ಬಂತು. ಎಲ್ಲಿ ತೆರವು ಉಂಟಾಯಿತೋ ಅಲ್ಲಿ ನಿಂತು ಅದನ್ನು ತುಂಬುವುದು ಅವರ ವಾದನದ ನಿಯಮವೇ ಆಗಿತ್ತೆಂದು ಇದರಿಂದ ಊಹಿಸಬಹುದು.

ಈ ಲೇಖನದ ಮುಖ್ಯ ಪ್ರಮೇಯ ಇಲ್ಲಿಂದ ಹೊರಡುತ್ತದೆ. ಬ್ಲೂಗ್ರಾಸ್ ಮೇಳದಲ್ಲಿ ಸಾಮಾನ್ಯವಾಗಿ ಡ್ರಮ್ ಇರುವುದಿಲ್ಲ. ನಾಲ್ಕು ಎಣಿಕೆಯ ಆವರ್ತದಲ್ಲಿ ಒಂದು ಮತ್ತು ಮೂರನೆಯ ಎಣಿಕೆಗಳನ್ನು ಬೇಸ್ ಹಿಡಿಯುತ್ತದೆ. ಎರಡು ಮತ್ತು ನಾಲ್ಕನೆಯ ಎಣಿಕೆಗಳಲ್ಲಿ ಮ್ಯಾಂಡೊಲಿನ್ ‘ಚಾಪ್’ ಎಂಬ ಪೆಟ್ಟನ್ನು ಕೊಡುತ್ತದೆ. ಚಾಪ್ ಎಂದರೆ ಎಡಗೈಯ ಬೆರಳುಗಳಿಂದ ಎಲ್ಲ ಜೋಡಿಗಳನ್ನೂ ಒತ್ತಿ ಹಿಡಿದು, ಬಲಗೈಯಿಂದ ಒಮ್ಮೆ ಬಿಗಿಯಾಗಿ ಮೀಟಿ, ಮೀಟಿದ ಮರುಕ್ಷಣವೇ ಎಡಗೈಯ ಒತ್ತು ಸಡಿಲಿಸಿ ನಾದವನ್ನು ಅಡಗಿಸುವುದು; ಕಿವಿಗೆ ಬೀಳುವುದು ಸ್ವರಕ್ಕಿಂತ ಹೆಚ್ಚಾಗಿ ಒಣ ಪೆಟ್ಟು. ಹೀಗೆ ಬೇಸ್ ಮತ್ತು ಮ್ಯಾಂಡೊಲಿನ್ ಒಂದೇ ತಾಳದ ಎರಡು ಅರ್ಧಗಳನ್ನು ಹಂಚಿಕೊಳ್ಳುತ್ತವೆ. ತಂತಿಗಳ ಶ್ರುತಿಯಲ್ಲಿಯೂ ಈ ನಂಟು ಕಾಣುತ್ತದೆ: ಬೇಸ್ ಗಿಟಾರಿನ ತಂತಿಗಳು ತಗ್ಗಿನಿಂದ ಏರಿಗೆ ಇ, ಎ, ಡಿ, ಜಿ, ಮ್ಯಾಂಡೊಲಿನ್ನಿನವು ಅದೇ ನಾಲ್ಕು ಹೆಸರುಗಳ ತಿರುಗುಮುರುಗು ಕ್ರಮ. ಹಾಗಾದರೆ ಬೇಸ್ ವಾದಕನೊಬ್ಬ ಮ್ಯಾಂಡೊಲಿನ್‌ಗೆ ಒಲಿದರೆ ಅವನು ತನ್ನ ಕೆಲಸ ಬಿಟ್ಟು ಬಂದವನಲ್ಲ, ಅದೇ ಕೆಲಸದ ಉಳಿದರ್ಧವನ್ನು ಕಲಿಯಲು ಹೊರಟವನು ಎನ್ನಬಹುದು.

ಈ ಮಾತಿಗೆ ಕೆಲವು ಮಿತಿಗಳನ್ನು ಹಾಕಿಕೊಳ್ಳುವುದು ಅಗತ್ಯ. 1971ರ ಹಾಡುಗಳಲ್ಲಿ ಇರುವುದು ಚಾಪ್ ಅಲ್ಲ. ಅವು ಬ್ರಿಟನ್ನಿನ ಜನಪದ ಸಂಗೀತದ ಪುನರುಜ್ಜೀವನಕ್ಕೆ ಹತ್ತಿರದವು, ಆದ್ದರಿಂದ ಬ್ಲೂಗ್ರಾಸ್ ತಾಳದ ತರ್ಕವನ್ನು ಹಿಂದಕ್ಕೆ ಎಳೆದು ಅವುಗಳ ಮೇಲೆ ಹೇರಲಾಗದು. ಬೇಸ್ ತಂತಿಗಳ ಅಂತರ ಬೇರೆ, ಮ್ಯಾಂಡೊಲಿನ್ ಜೋಡಿಗಳ ಅಂತರ ಬೇರೆಯಾದ್ದರಿಂದ ಶ್ರುತಿಯ ಹೋಲಿಕೆ ಕೈಗೆ ಒಂದು ಸುಳಿವು ಕೊಡಬಲ್ಲದೇ ಹೊರತು ಕಲಿಕೆಯನ್ನು ಪೂರ್ತಿ ವಿವರಿಸಲಾರದು. ಒಂದು ಹಾಡಿಗೆ ಯಾರು ಯಾವ ವಾದ್ಯ ಹಿಡಿದರೆಂಬ ವಿವರದಿಂದ ಮನಸ್ಸಿನ ಇಂಗಿತವನ್ನು ಓದುವುದೂ ಅಪಾಯದ್ದೇ. ಇಷ್ಟಾದರೂ 1971, 1975, 1977ರ ಸಾಕ್ಷ್ಯಗಳು ಒಂದೇ ದಿಕ್ಕಿಗೆ ಮುಖ ಮಾಡಿವೆ ಎಂಬುದನ್ನು ಕಡೆಗಣಿಸಲಾಗದು.

ಬಿಡುವಿನ ಹವ್ಯಾಸವೆಂಬ ಆಕ್ಷೇಪಕ್ಕೆ ಉತ್ತರ ಆನಂತರದ ವರ್ಷಗಳಲ್ಲಿದೆ. 1980ರಲ್ಲಿ ಡ್ರಮ್ ವಾದಕ ಜಾನ್ ಬಾನಮ್ ತೀರಿಕೊಂಡು ತಂಡ ಮುಗಿದ ಮೇಲೆ ಜೋನ್ಸ್ ಅವರಿಗೆ ಯಾರ ಹಿಂದೆಯೂ ನಿಲ್ಲುವ ಅನಿವಾರ್ಯತೆ ಇರಲಿಲ್ಲ. ಆದರೂ 2004ರಲ್ಲಿ ಅವರು ಗಾಯಕ ಗ್ಲೆನ್ ಫಿಲಿಪ್ಸ್ ಮತ್ತು ನಿಕಲ್ ಕ್ರೀಕ್ ತಂಡದ ಯುವ ವಾದಕರು ಕೂಡಿದ ಮೇಳದೊಂದಿಗೆ ಪ್ರವಾಸ ಮಾಡಿದರು. ಆ ಮೇಳದಲ್ಲಿದ್ದ ಮ್ಯಾಂಡೊಲಿನ್ ವಾದಕ ಕ್ರಿಸ್ ಥೀಲಿ ಹುಟ್ಟಿದ್ದು 1981ರಲ್ಲಿ, ಅಂದರೆ ಲೆಡ್ ಝೆಪೆಲಿನ್ ಮುಗಿದ ಮೇಲೆ. 2007ರಲ್ಲಿ ಅಂಕಲ್ ಅರ್ಲ್ ಎಂಬ ಮಹಿಳೆಯರ ಹಳೆಯ ಶೈಲಿಯ ತಂತಿವಾದ್ಯ ಮೇಳದ ‘ವಾಟರ್‌ಲೂ, ಟೆನೆಸ್ಸಿ’ ಆಲ್ಬಮ್ಮನ್ನು, 2009ರಲ್ಲಿ ನಿಕಲ್ ಕ್ರೀಕ್ ತಂಡದ ಸಾರಾ ವಾಟ್ಕಿನ್ಸ್ ಅವರ ಚೊಚ್ಚಲ ಆಲ್ಬಮ್ಮನ್ನು ನಿರ್ಮಿಸಿಕೊಟ್ಟರು. ಡೇವ್ ರಾಲಿಂಗ್ಸ್ ಮಶೀನ್ ಮೇಳದಲ್ಲಿ ಮ್ಯಾಂಡೊಲಿನ್ ಹಿಡಿದು ಪಕ್ಕವಾದ್ಯದವರ ಸಾಲಿನಲ್ಲಿ ನಿಂತರು. 2007ರ ಡಿಸೆಂಬರ್ 10ರಂದು ಲಂಡನ್ನಿನ ಓ2 ಸಭಾಂಗಣದಲ್ಲಿ ಲೆಡ್ ಝೆಪೆಲಿನ್ ಮತ್ತೆ ಒಂದಾಗಿ ನುಡಿಸಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಅದೇ ವರ್ಷ ಅದೇ ಕಲಾವಿದ ಅಂಕಲ್ ಅರ್ಲ್ ಮೇಳಕ್ಕೂ ದುಡಿದಿದ್ದರು ಎಂಬುದು ಈ ಚರ್ಚೆಗೆ ಅಷ್ಟೇ ಮುಖ್ಯವಾದ ಸಂಗತಿ. ಹವ್ಯಾಸಕ್ಕೆ ಇಷ್ಟು ವರ್ಷಗಳ ದುಡಿಮೆ ಬೇಕಾಗುವುದಿಲ್ಲ.

ದಕ್ಷಿಣ ಭಾರತದ ಕೇಳುಗರಿಗೆ ಮ್ಯಾಂಡೊಲಿನ್ ಎಂದರೆ ನೆನಪಾಗುವುದು ಪಾಲಕೊಲ್ಲಿನ ಯು. ಶ್ರೀನಿವಾಸ್ (1969–2014). ಜೋಡಿ ತಂತಿಗಳ ಮೇಲೆ ಗಮಕದ ಎಳೆತ ಕಷ್ಟವಾದ್ದರಿಂದ ಅವರು ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್ ಬಳಸಿ, ಹಿಮ್ಮೇಳದ ವಾದ್ಯವನ್ನು ಕರ್ನಾಟಕ ಸಂಗೀತದ ಕಛೇರಿಯ ನಡುವೆ ಕೂರಿಸಿದರು. ಶ್ರೀನಿವಾಸ್ ಅವರ ಸಾಧನೆ ವಾದ್ಯವನ್ನು ಸಂಗೀತಕ್ಕೆ ಒಗ್ಗಿಸಿದ್ದು. ಜೋಡಿ ತಂತಿಗಳನ್ನು ಹಾಗೆಯೇ ಉಳಿಸಿಕೊಂಡ ಜೋನ್ಸ್ ಅವರದು ವಾದ್ಯಕ್ಕೆ ತಾವೇ ಒಗ್ಗಿಕೊಂಡದ್ದು. ಇವೆರಡರಲ್ಲಿ ಹೆಚ್ಚು ಕಡಿಮೆ ಎಣಿಸುವುದು ಸಲ್ಲದು. ನಿಷ್ಠೆಗೆ ಎರಡು ದಾರಿಗಳಿವೆ ಎಂದಷ್ಟೇ ಗುರುತಿಸಬೇಕು.

ತಾನೇ ಮೇಳಕ್ಕೆ ಒಗ್ಗಿಕೊಳ್ಳುವ ಈ ಎರಡನೆಯ ದಾರಿ ಕರ್ನಾಟಕದ ಕಲಬುರಗಿ ಸೀಮೆಗೆ ಹೊಸದಲ್ಲ. ಕಡಕೋಳದ ಮಡಿವಾಳಪ್ಪ ಮತ್ತು ಅವರ ಶಿಷ್ಯಪರಂಪರೆಯ ತತ್ವಪದಗಳು ಆಳಂದ, ಅಫಜಲಪುರ, ಜೇವರ್ಗಿ ಭಾಗದ ಊರುಗಳಲ್ಲಿ ಇಂದಿಗೂ ಭಜನೆಯಾಗಿಯೇ ಬದುಕಿವೆ. ಅಲ್ಲಿ ಏಕತಾರಿ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತದೆ, ದಮ್ಮಡಿ ಮತ್ತು ತಾಳ ನಡೆ ಕಾಯುತ್ತವೆ, ಒಬ್ಬರು ನುಡಿ ಎತ್ತಿಕೊಟ್ಟರೆ ಉಳಿದವರು ಪಲ್ಲವಿ ಹಿಡಿಯುತ್ತಾರೆ. ಒಂದು ಪದಕ್ಕೆ ಮುಂದಾಳಾಗಿ ಹಾಡಿದವರು ಮುಂದಿನ ಪದಕ್ಕೆ ತಾಳ ಹಿಡಿದು ಕೂರುವುದು ಅಲ್ಲಿ ಸಹಜ ರೂಢಿ. ಹೀಗೆ ಕೂತವರನ್ನು ಯಾರೂ ವಿನಯವಂತರೆಂದು ವಿಶೇಷವಾಗಿ ಹೊಗಳುವುದಿಲ್ಲ, ಏಕೆಂದರೆ ಮೇಳ ನಡೆಯುವುದೇ ಹಾಗೆ. ರಾಕ್ ಸಂಗೀತ ವ್ಯಕ್ತಿಯನ್ನು ಎತ್ತಿ ಮೆರೆಸುವ ಕಲೆಯಾಗಿ ಬೆಳೆದುದರಿಂದಲೇ ಅಲ್ಲಿ ಜೋನ್ಸ್ ಅವರ ನಡೆ ಅಪರೂಪದ ಸೌಜನ್ಯವಾಗಿ ಕಂಡಿದೆ. ಎರಡು ಪರಂಪರೆಗಳ ನಡುವೆ ಸಂಬಂಧವಿತ್ತೆಂದು ಇಲ್ಲಿ ಹೇಳುತ್ತಿಲ್ಲ. ವ್ಯಕ್ತಿಯ ಸ್ವಭಾವವೆಂದು ತೋರುವುದನ್ನು ಮೇಳದ ಧರ್ಮವೆಂದು ಓದಲು ಈ ನಾಡಿನ ಭಜನೆ ಒಂದು ಮಾನದಂಡ ಒದಗಿಸುತ್ತದೆ.

ಒಟ್ಟಿನಲ್ಲಿ, ‘ಬೆಳಕು-ನೆರಳು’ ಸೂತ್ರ ಹಾಡುಗಳ ಹೊರಮೈಯನ್ನು ವಿವರಿಸಬಲ್ಲದು, ವಾದಕನ ದುಡಿಮೆಯನ್ನಲ್ಲ. ಬೇಸ್ ಮತ್ತು ಮ್ಯಾಂಡೊಲಿನ್‌ಗಳನ್ನು ಒಂದೇ ಹಿಮ್ಮೇಳ ಧರ್ಮದ ಎರಡು ಮುಖಗಳೆಂದು ತಿಳಿದರೆ, ಜೋನ್ಸ್ ಅವರ ಸ್ಟುಡಿಯೊ ದಿನಗಳಿಂದ ಜನಪದ ಮೇಳಗಳವರೆಗಿನ ಹಾದಿ ಒಂದೇ ಎಳೆಯಲ್ಲಿ ಕಾಣಸಿಗುತ್ತದೆ. ಈ ಓದು ಪೂರ್ಣವಲ್ಲ. ಟ್ರೆಮೊಲೊ ಮತ್ತು ಚಾಪ್‌ಗಳನ್ನು ಅವರು ಯಾವ ಹಂತದಲ್ಲಿ ಎಷ್ಟು ಬಳಸಿದರೆಂಬುದನ್ನು 1970ರ ದಶಕದ ವೇದಿಕೆಯ ಧ್ವನಿಮುದ್ರಣಗಳನ್ನೂ 2004ರ ಈಚಿನವನ್ನೂ ಅಕ್ಕಪಕ್ಕ ಇಟ್ಟು ಕೇಳಿ ನಿರ್ಧರಿಸಬೇಕಾಗಿದೆ. ಚಾಪ್‌ಗೆ ಅಷ್ಟಾಗಿ ಎಡೆಕೊಡದೆ ಪಿಟೀಲಿನ ರಾಗಕ್ಕೆ ಮ್ಯಾಂಡೊಲಿನ್ನನ್ನು ಜೊತೆಗೂಡಿಸುವ ಹಳೆಯ ಶೈಲಿಯ ಮೇಳಗಳಿಗೆ ಇಲ್ಲಿನ ಪ್ರಮೇಯ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದೂ, ಬೇಸ್‌ನಿಂದ ಬೇರೆ ವಾದ್ಯಗಳಿಗೆ ಹೊರಳಿದ ಇತರ ವಾದಕರಲ್ಲಿ ಇದೇ ಕ್ರಮ ಕಾಣುತ್ತದೆಯೇ ಎಂಬುದೂ ಮುಂದಿನ ಅಧ್ಯಯನಗಳು ತೀರ್ಮಾನಿಸಬೇಕಾದ ಪ್ರಶ್ನೆಗಳಾಗಿ ಉಳಿದಿವೆ.