ಗಿರಕಿಯ ಅಕ್ಷವೂ ಮಾನಸಗಂಗೋತ್ರಿಯೂ

ಮೈಸೂರು ನಗರಕ್ಕೂ ಕಣಭೌತವಿಜ್ಞಾನದ ಧ್ರುವೀಕೃತ ಲಕ್ಷ್ಯಕ್ಕೂ ಇರುವ ಸಂಬಂಧದ ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲ ಹೆಜ್ಜೆಯಲ್ಲಿಯೇ ಎದುರಾಗುವ ತೊಡಕೆಂದರೆ, ಅಂತಹ ಲಕ್ಷ್ಯವೇ ಮೈಸೂರಿನಲ್ಲಿ ಇರಲಿಲ್ಲವೆಂಬುದು. ಕಣಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಅಟ್ಟುವ ಮಹಾಯಂತ್ರಗಳಾಗಲಿ, ಅವುಗಳ ಎದುರಿಗೆ ದ್ರವ ಹೀಲಿಯಮ್ಮಿನ ಶೈತ್ಯದಲ್ಲಿ ಇಟ್ಟು ಕಾಯಬೇಕಾದ ಹರಳುಗಳಾಗಲಿ ಈ ಊರಿನ ಪಾಲಿಗೆ ಬಂದವಲ್ಲ. ಬಂದುದು ಒಂದು ಕರಿಹಲಗೆ, ಸೀಮೆಸುಣ್ಣ, ಮತ್ತು ಯಂತ್ರವುಳ್ಳವರು ಅವಸರದಲ್ಲಿ ಕೇಳಿಕೊಳ್ಳದೆ ಬಿಟ್ಟಿದ್ದ ಒಂದು ಪ್ರಶ್ನೆ: ಒಂದು ವಸ್ತು ಧ್ರುವೀಕೃತವಾಗಿದೆಯೆಂದು ಹೇಳುವಾಗ ನಾವು ನಿಜವಾಗಿ ಏನನ್ನು ಹೇಳುತ್ತಿದ್ದೇವೆ?

ಚದರಿಕೆಯ ಪ್ರಯೋಗವೆಂದರೆ ಏನೆಂಬುದನ್ನು ಗೋಲಿಯಾಡಿದವರಿಗೆ ವಿವರಿಸುವುದು ಕಷ್ಟವಲ್ಲ. ಕತ್ತಲ ಕೋಣೆಯಲ್ಲಿ ಕಂಬವಿದೆಯೋ ಕಣಜವಿದೆಯೋ ತಿಳಿಯದಿದ್ದಾಗ, ಬಾಗಿಲಲ್ಲಿ ನಿಂತು ಗೋಲಿಗಳನ್ನು ಒಂದೊಂದಾಗಿ ಎಸೆದು, ಅವು ಯಾವ ಕಡೆಗೆ ಚಿಮ್ಮಿದುವೆಂಬುದನ್ನು ಕಿವಿಗೊಟ್ಟು ಕೇಳಿ, ಒಳಗಿರುವುದರ ಆಕಾರವನ್ನು ಊಹಿಸುವಂತೆಯೇ ಭೌತವಿಜ್ಞಾನಿಗಳು ಪರಮಾಣುಬೀಜದ ಮೇಲೆ ಕಣಗಳ ಧಾರೆಯನ್ನು ಹಾಯಿಸುತ್ತಾರೆ. ಆದರೆ ಪ್ರೋಟಾನು ಬರಿಯ ಗೋಲಿಯಲ್ಲ. ಅದಕ್ಕೆ ಬುಗುರಿಗಿರುವಂತೆ ಒಂದು ಗಿರಕಿಯೂ, ಆ ಗಿರಕಿಗೆ ಒಂದು ದಿಕ್ಕೂ ಉಂಟು. ಲಕ್ಷ್ಯದೊಳಗಿನ ಬುಗುರಿಗಳು ಮನಬಂದ ಕಡೆಗೆ ವಾಲಿಕೊಂಡಿದ್ದರೆ ಎಡಕ್ಕೆ ಚದರುವ ಕಣಗಳೂ ಬಲಕ್ಕೆ ಚದರುವ ಕಣಗಳೂ ಸಮವಾಗಿ, ಗಿರಕಿಯ ಗುಟ್ಟು ಸರಾಸರಿಯಲ್ಲಿ ಮುಳುಗಿಹೋಗುತ್ತದೆ; ಅವೆಲ್ಲವನ್ನೂ ಒಂದೇ ಮುಖವಾಗಿ ನಿಲ್ಲಿಸಿದಾಗ ಮಾತ್ರ ಎಡಬಲಗಳ ಭೇದ ಲೆಕ್ಕಕ್ಕೆ ಸಿಕ್ಕುತ್ತದೆ. ಹೀಗೆ ನಿಲ್ಲಿಸಿದ ದ್ರವ್ಯವೇ ಧ್ರುವೀಕೃತ ಲಕ್ಷ್ಯ; ಆ ವಿದ್ಯೆಯವರು ಮಾತಿನಲ್ಲಿ ಪೋಲರೈಸ್ಡ್ ಟಾರ್ಗೆಟ್ ಎಂದೇ ಅನ್ನುತ್ತಾರೆ.

ನಿಲ್ಲಿಸುವುದು ಸುಲಭವಲ್ಲವೆಂಬುದಕ್ಕೆ ಒಂದು ಲೆಕ್ಕ ಸಾಕು. ಎರಡೂವರೆ ಟೆಸ್ಲಾದಷ್ಟು ಪ್ರಬಲವಾದ ಕಾಂತಕ್ಷೇತ್ರದಲ್ಲಿ, ನಿರಪೇಕ್ಷ ಶೂನ್ಯಕ್ಕಿಂತ ಒಂದೇ ಡಿಗ್ರಿ ಮೇಲಿನ ಶೈತ್ಯದಲ್ಲಿಟ್ಟರೂ, ಮೇಲ್ಮುಖವಾದ ಪ್ರೋಟಾನುಗಳು ಕೆಳಮುಖವಾದವುಗಳಿಗಿಂತ ಹೆಚ್ಚಾಗಿರುವುದು ಸಾವಿರಕ್ಕೆ ಎರಡೂವರೆಯಷ್ಟು ಮಾತ್ರ. ಅದೇ ಸ್ಥಿತಿಯಲ್ಲಿ, ಕಾಂತಶಕ್ತಿಯಲ್ಲಿ ಪ್ರೋಟಾನಿಗಿಂತ 658 ಪಟ್ಟು ಬಲವುಳ್ಳ ಎಲೆಕ್ಟ್ರಾನುಗಳಾದರೋ ನೂರಕ್ಕೆ 93ರಷ್ಟು ಧ್ರುವೀಕರಣವನ್ನು ತಾವಾಗಿ ಪಡೆದಿರುತ್ತವೆ. ಎಲೆಕ್ಟ್ರಾನಿನ ಈ ಶಿಸ್ತನ್ನು ಬೀಜಕ್ಕೆ ವರ್ಗಾಯಿಸಬಹುದೆಂದು 1953ರಲ್ಲಿ ಓವರ್‌ಹೌಸರ್ ಎಂಬ ತರುಣ ಹೇಳಿದಾಗ ಹಿರಿಯರು ನಂಬಲಿಲ್ಲ. ಕಾರ್ವರ್ ಮತ್ತು ಸ್ಲಿಕ್ಟರ್ ಅದನ್ನು ಲೋಹದಲ್ಲಿ ಮಾಡಿ ತೋರಿಸಿದ ಮೇಲೆ ನಂಬದೆ ವಿಧಿಯಿರಲಿಲ್ಲ. ಸೆಕೆಂಡಿಗೆ ಸುಮಾರು 7,000 ಕೋಟಿ ಆವೃತ್ತಿಗಳ ಸೂಕ್ಷ್ಮತರಂಗವನ್ನು ಹರಳಿನ ಮೇಲೆ ಹಾಯಿಸಿ ಈ ವರ್ಗಾವಣೆಯನ್ನು ಸಾಧಿಸುವ ಉಪಾಯವನ್ನು ಫ್ರಾನ್ಸಿನ ಸಾಕ್ಲೇಯಲ್ಲಿ ಅಬ್ರಾಗಾಂ ಅವರೂ, ಅಮೆರಿಕದ ಬರ್ಕ್ಲಿಯಲ್ಲಿ ಜೆಫ್ರೀಸ್ ಅವರೂ ಬೆಳೆಸಿದರು. 1962ರಲ್ಲಿ ಸಾಕ್ಲೇಯವರು ಲ್ಯಾಂಥನಮ್ ಮೆಗ್ನೀಸಿಯಮ್ ನೈಟ್ರೇಟಿನ ಹರಳಿನಲ್ಲಿ ಪ್ರೋಟಾನುಗಳನ್ನು ಧ್ರುವೀಕರಿಸಿ, ಅವುಗಳ ಮೇಲೆ ಧ್ರುವೀಕೃತ ಪ್ರೋಟಾನುಗಳನ್ನೇ ಚದರಿಸಿದರು. ಆ ಹರಳಿನ ನೂರು ತೂಕದಲ್ಲಿ ಜಲಜನಕ ಮೂರು ತೂಕ ಮಾತ್ರ. ಮಿಕ್ಕುದೆಲ್ಲ ಜಾತ್ರೆಗೆ ಬಂದ ಜನ, ತೇರೆಳೆಯುವವರು ಮೂವರೇ. ಮುಂದೆ ಬ್ಯುಟನಾಲು ಬಂತು, ಆಮೇಲೆ ಅಮೋನಿಯಾ ಬಂತು, ಎಳೆಯುವವರ ಸಂಖ್ಯೆ ಕ್ರಮವಾಗಿ ನೂರಕ್ಕೆ ಹದಿಮೂರು, ಹದಿನೇಳೆಂದು ಏರಿತು. ಆ ಕಥೆ ಇಲ್ಲಿ ಬೇಡ.

ಮೈಸೂರಿಗೆ ಈ ವಿಚಾರ ಬಂದುದು ಬೀಜದ ದಾರಿಯಲ್ಲಿ ಮಾತ್ರವಲ್ಲ, ಬೆಳಕಿನ ದಾರಿಯಲ್ಲಿಯೂ ಬಂತೆಂದು ನನ್ನ ನಂಬಿಕೆ. 1921ರಲ್ಲಿ ವಿಲಾಯತಿಯಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ಅವರು ನಿಕೋಲ್ ಪಟ್ಟಕವೊಂದನ್ನು ಕಣ್ಣಿಗೆ ಹಿಡಿದು, ಕಡಲ ಮೈಮೇಲಿನ ಪ್ರತಿಫಲಿತವಾದ ಧ್ರುವೀಕೃತ ಬೆಳಕನ್ನು ಅಳಿಸಿಬಿಟ್ಟು, ನೀಲಿಯು ಆಗಲೂ ಉಳಿದುದನ್ನು ಕಂಡು, ಅದು ನೀರಿನ ಅಣುಗಳೇ ಚದರಿಸಿದ ಬೆಳಕೆಂದು ನಿರ್ಧರಿಸಿದರು. ಚದರಿಕೆ, ಧ್ರುವೀಕರಣ ಎಂಬ ಎರಡು ಮಾತುಗಳು ನಮ್ಮ ನಾಡಿನ ಭೌತವಿಜ್ಞಾನದಲ್ಲಿ ಜೊತೆಗೂಡಿದುದು ಆ ಕಡಲ ಮೇಲೆ. ಏಳು ವರ್ಷದ ತರುವಾಯ, ಚದರಿದ ಬೆಳಕಿನಲ್ಲಿ ತಾವು ಕಂಡ ಹೊಸ ವಿಕಿರಣದ ವಿಷಯವನ್ನು ಅವರು ಸವಿಸ್ತಾರವಾಗಿ ಸಾರಿದುದು 1928ರ ಮಾರ್ಚ್ 16ರಂದು, ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಬೆಂಗಳೂರಿನಲ್ಲಿ. 1931ರಲ್ಲಿ ಅವರೂ ಭಗವಂತಂ ಅವರೂ ಚದರಿದ ಬೆಳಕಿನ ಧ್ರುವೀಕರಣವನ್ನು ಅಳೆದು, ಬೆಳಕಿನ ಕಣಕ್ಕೂ ಗಿರಕಿಯುಂಟೆಂಬುದಕ್ಕೆ ಪ್ರಮಾಣವನ್ನು ಕಂಡರು.

ಆದರೆ ಮೈಸೂರು ನಗರಕ್ಕೆ ಆಗ ಇದರಲ್ಲಿ ಪಾಲಿರಲಿಲ್ಲ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ವಿಶ್ವವಿದ್ಯಾನಿಲಯ ಹುಟ್ಟಿದಾಗ ಮಹಾರಾಜಾ ಕಾಲೇಜಿಗೆ ಕಲಾವಿಷಯಗಳೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ವಿಜ್ಞಾನವೂ ಹಂಚಿಕೆಯಾಗಿ, ತರ್ಕ ವೇದಾಂತಗಳು ಇಲ್ಲಿ, ಪಟ್ಟಕ ದರ್ಪಣಗಳು ಅಲ್ಲಿ ಎಂಬಂತಾಯಿತು. ಕನ್ನಡದಲ್ಲಿ ವಿಜ್ಞಾನವನ್ನು ಹೇಳಬೇಕೆಂದು 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರಷ್ಟೆ, ಅದೂ ಹೊರಟುದು ಬೆಂಗಳೂರಿನಿಂದಲೇ, ನಿಂತುದೂ ಬೇಗನೆ. ಕುಕ್ಕರಹಳ್ಳಿ ಕೆರೆಯ ಆಚೆಯ ಬಯಲಿನಲ್ಲಿ, ಕುವೆಂಪು ಅವರು ಉಪಕುಲಪತಿಗಳಾಗಿದ್ದಾಗ, 1960ರಲ್ಲಿ ವಿಶ್ವವಿದ್ಯಾನಿಲಯದ ಹೊಸ ಆವರಣವಾದ ಮಾನಸಗಂಗೋತ್ರಿ ಕಣ್ದೆರೆದ ಮೇಲೆ ಈ ಹಂಚಿಕೆ ಅಳಿಯಿತು.

1961ರಲ್ಲಿ ಅಲ್ಲಿನ ಭೌತವಿಜ್ಞಾನ ವಿಭಾಗದ ಪ್ರಥಮ ಮುಖ್ಯಸ್ಥರಾಗಿ ಬಂದವರು ಎಸ್. ಚಂದ್ರಶೇಖರ್. ಇವರು ರಾಮನ್ನರ ಸೋದರಿಯ ಮಗ; ನಕ್ಷತ್ರಗಳ ಶಾಸ್ತ್ರದಲ್ಲಿ ನೊಬೆಲ್ ಪಡೆದ ಇದೇ ಹೆಸರಿನವರು ರಾಮನ್ನರ ಅಣ್ಣನ ಮಗ; ಇಬ್ಬರನ್ನೂ ಒಬ್ಬರೆಂದು ಭಾವಿಸಿ ಬರೆದವರನ್ನು ನಾನು ಕಂಡಿದ್ದೇನೆ. ಹರಳುಗಳು ಬೆಳಕಿನ ಧ್ರುವತಲವನ್ನು ಹೇಗೆ ತಿರುಗಿಸುತ್ತವೆಂಬುದನ್ನು ರಾಮನ್ನರ ಬಳಿ ಅಭ್ಯಸಿಸಿ, ಅನಂತರ ಇಂಗ್ಲೆಂಡಿನಲ್ಲಿ ಎಕ್ಸ್ ಕಿರಣಗಳ ಮತ್ತು ನ್ಯೂಟ್ರಾನುಗಳ ಚದರಿಕೆಯನ್ನು ಕುರಿತು ದುಡಿದು ಬಂದ ಅವರು, ದ್ರವಸ್ಫಟಿಕಗಳ ಸಂಶೋಧನೆಯನ್ನು ಮೈಸೂರಿನಲ್ಲಿ ಬೇರೂರಿಸಿ 1971ರಲ್ಲಿ ಬೆಂಗಳೂರಿಗೆ ತೆರಳಿದರು. ಅವರ ತಮ್ಮ ಪಂಚರತ್ನಂ ಅವರೂ 1964ರವರೆಗೆ ಇದೇ ವಿಭಾಗದಲ್ಲಿ ರೀಡರ್ ಆಗಿದ್ದರು. ಧ್ರುವೀಕೃತ ಬೆಳಕಿನ ಒಂದೊಂದು ಅವಸ್ಥೆಯನ್ನೂ ಗೋಳವೊಂದರ ಮೇಲಿನ ಒಂದೊಂದು ಬಿಂದುವಾಗಿ ಕಂಡು, ಆ ಗೋಳದ ಮೇಲೆ ತ್ರಿಕೋಣವಾಗಿ ಸುತ್ತಿ ಹೊರಟಲ್ಲಿಗೇ ಬಂದ ಬೆಳಕು ತಾನು ಸುತ್ತಿದ ಕ್ಷೇತ್ರದ ಗುರುತನ್ನು ತನ್ನ ಅಲೆಯ ಕಲೆಯಲ್ಲಿ, ಎಂದರೆ ಫೇಸಿನಲ್ಲಿ, ಹೊತ್ತು ತರುತ್ತದೆಂದು 1956ರಲ್ಲಿಯೇ ಬರೆದಿದ್ದ ಈ ಮಹಾಪ್ರತಿಭೆ, ಆಕ್ಸ್‌ಫರ್ಡಿಗೆ ಹೋಗಿ 1969ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಿತು. 1984ರಲ್ಲಿ ಇಂಗ್ಲೆಂಡಿನ ಬೆರಿ ಅದೇ ತತ್ತ್ವವನ್ನು ಕಣಗಳಲ್ಲಿ ಕಂಡ ತರುವಾಯ ಲೋಕವು ಪಂಚರತ್ನಂ ಅವರ ಬರಹವನ್ನು ಹುಡುಕಿ ತೆರೆಯಿತು. ಧ್ರುವೀಕರಣವನ್ನು ರೇಖಾಗಣಿತವಾಗಿ ನೋಡುವ ಕಣ್ಣು ಮಾನಸಗಂಗೋತ್ರಿಗೆ ಮೊದಲ ದಿನಗಳಲ್ಲಿಯೇ ಒದಗಿದ್ದಿತೆಂಬುದನ್ನು ಮರೆಯಲಾಗದು.

ಬೀಜದ ದಾರಿಯಲ್ಲಿ ಬಂದವರು ಜಿ. ರಾಮಚಂದ್ರನ್. ಮದರಾಸಿನಲ್ಲಿ ಅಲ್ಲಾಡಿ ರಾಮಕೃಷ್ಣನ್ ಅವರ ಸುತ್ತ ನೆರೆದಿದ್ದ ತರುಣರ ಬಳಗದಿಂದ ಬಂದ ಇವರು ಮೈಸೂರಿನಲ್ಲಿ ಒಂದು ಪಂಥವನ್ನೇ ಕಟ್ಟಿದರು. ಎಂ. ವಿ. ಎನ್. ಮೂರ್ತಿ, ಕೆ. ಎಸ್. ಮಲ್ಲೇಶ್, ವಿ. ರವಿಶಂಕರ್, ಸ್ವರ್ಣಮಾಲಾ ಸಿರ್ಸಿ, ಎ. ಆರ್. ಉಷಾದೇವಿ ಮೊದಲಾದವರು ಈ ಪಂಥದವರು. ಪರಿಭ್ರಮಣ ಗುಂಪುಗಳ ಗಣಿತವನ್ನು ಕುರಿತು ಭೌತವಿಜ್ಞಾನಿಗಳಿಗಾಗಿಯೇ ಗ್ರಂಥ ಬರೆದ ಕೆ. ಎನ್. ಶ್ರೀನಿವಾಸರಾಯರೂ ಇದೇ ವಿಶ್ವವಿದ್ಯಾನಿಲಯದವರಾಗಿದ್ದುದರಿಂದ, ಗಿರಕಿಯ ವ್ಯಾಕರಣಕ್ಕೆ ಇಲ್ಲಿ ಬರವಿರಲಿಲ್ಲ.

ರಾಮಚಂದ್ರನ್ ಅವರ ಪಂಥದವರು ಎತ್ತಿದ ಪ್ರಶ್ನೆ ಡ್ಯೂಟೆರಾನಿಗೆ ಸಂಬಂಧಿಸಿದುದು. ನ್ಯೂಟ್ರಾನು ಒಂಟಿಯಾಗಿ ಲಕ್ಷ್ಯವಾಗಿ ನಿಲ್ಲುವ ವಸ್ತುವಲ್ಲವಾದ್ದರಿಂದ, ಅದನ್ನು ಪ್ರೋಟಾನಿನೊಡನೆ ಜೋಡಿಯಾಗಿರುವ ಡ್ಯೂಟೆರಾನಿನಲ್ಲಿಯೇ ಹಿಡಿಯಬೇಕು. ಪ್ರೋಟಾನಿನ ಧ್ರುವೀಕರಣವನ್ನು ಪೂರ್ತಿಯಾಗಿ ಹೇಳಲು ಮೂರು ಸಂಖ್ಯೆಗಳು ಸಾಕು, ಅಂದರೆ ಒಂದು ಬಾಣ. ಡ್ಯೂಟೆರಾನಿನ ಗಿರಕಿ ಅದರ ಇಮ್ಮಡಿಯಾದುದರಿಂದ ಎಂಟು ಸಂಖ್ಯೆಗಳು ಬೇಕು, ಬಾಣಕ್ಕೆ ಸೇರಿದವು ಮೂರು, ಒಂದೇ ಬಾಣದಿಂದ ಹೇಳಲಾಗದ ಟೆನ್ಸರಿಗೆ ಸೇರಿದವು ಐದು. 1970ರಲ್ಲಿ ಅಮೆರಿಕದ ಮ್ಯಾಡಿಸನ್ನಿನಲ್ಲಿ ಕೂಡಿದ ವಿದ್ವಾಂಸರು ಈ ಸಂಖ್ಯೆಗಳಿಗೆ ಹೆಸರುಗಳನ್ನೂ ಚಿಹ್ನೆಗಳನ್ನೂ ಗೊತ್ತುಮಾಡಿದ್ದರು. ಆದರೆ ಪ್ರಯೋಗದ ರೂಢಿಯಲ್ಲಿ, ಕಾಂತಕ್ಷೇತ್ರದ ದಿಕ್ಕೇ ಗಿರಕಿಯ ಅಕ್ಷವೆಂದೂ, ಆ ಒಂದು ಅಕ್ಷದ ಸುತ್ತ ಎಲ್ಲವೂ ಸಮನಾಗಿದೆಯೆಂದೂ ಭಾವಿಸಿ ಮುಂದುವರಿಯುವುದು ವಾಡಿಕೆಯಾಗಿತ್ತು. ಬುಗುರಿಗೆ ಒಂದೇ ಮೊಳೆಯೆಂಬ ಬಾಲ್ಯದ ಅನುಭವವನ್ನು ಪ್ರಯೋಗ ನಡೆಸುವವರು ಡ್ಯೂಟೆರಾನಿಗೂ ಹೊರಿಸಿದರೆನ್ನಬೇಕು.

ಈ ಭಾವನೆ ಎಲ್ಲೆಡೆಯೂ ಸಲ್ಲದೆಂದು ಮೈಸೂರಿನವರು ಹೇಳಿದರು. ರಾಮಚಂದ್ರನ್, ಕೇಶವಮೂರ್ತಿ, ಎಂ. ವಿ. ಎನ್. ಮೂರ್ತಿ ಈ ಮೂವರು 1979ರಲ್ಲಿ ಪ್ರಕಟಿಸಿದ ಲೇಖನದ ವಿಷಯವೇ ಧ್ರುವೀಕೃತ ಡ್ಯೂಟೆರಾನ್ ಲಕ್ಷ್ಯದಲ್ಲಿ ನ್ಯೂಟ್ರಾನಿಗೆ ದಕ್ಕುವ ಪರಿಣಾಮಕಾರಿ ಧ್ರುವೀಕರಣ. 1984ರಲ್ಲಿ ರಾಮಚಂದ್ರನ್ ಮತ್ತು ಮಲ್ಲೇಶ್, ಯಾವ ಒಂದು ಅಕ್ಷವನ್ನು ಆರಿಸಿಕೊಂಡರೂ ಸರಳರೂಪಕ್ಕೆ ಬಾರದ ಗಿರಕಿಸಮುದಾಯಗಳುಂಟೆಂದು ತೋರಿಸಿ, ಅವನ್ನು ಒಂದೇ ಅಕ್ಷಕ್ಕೆ ಒಗ್ಗಿದವುಗಳಿಂದ ಬೇರೆಯಾಗಿ ಹೆಸರಿಸಿದರು. 1986ರಲ್ಲಿ ರಾಮಚಂದ್ರನ್ ಮತ್ತು ರವಿಶಂಕರ್ ಇದಕ್ಕೊಂದು ಚಿತ್ರವನ್ನೇ ಕೊಟ್ಟರು: ಡ್ಯೂಟೆರಾನಿನ ಟೆನ್ಸರನ್ನು ಎರಡು ಅಕ್ಷಗಳಿಂದ ಹೇಳಬಹುದು, ಗಿರಕಿ ಹೆಚ್ಚಿದಂತೆ ಅಕ್ಷಗಳೂ ಹೆಚ್ಚುವುವು. ಕತ್ತರಿಯ ಎರಡು ಅಲಗುಗಳನ್ನು ನೆನೆಯಿರಿ. ಅಲಗುಗಳು ಮುಚ್ಚಿ ಒಂದಾಗಿ, ಬಾಣವೂ ಅದೇ ನೇರದಲ್ಲಿ ಮಲಗಿದಾಗ ಮಾತ್ರ ಹಳೆಯ ಒಂಟಿ ಅಕ್ಷದ ಮಾತು ಸಲ್ಲುತ್ತದೆ. ಅಲಗುಗಳು ತೆರೆದಾಗ ಅವುಗಳ ನಡುವಿನ ಕೋನವೂ ಒಂದು ಭೌತಸತ್ಯವಾಗಿ, ಚದರಿಕೆಯಲ್ಲಿ ತನ್ನ ಗುರುತನ್ನು ಕೇಳುತ್ತದೆ.

ಹರಳಿನೊಳಗೆ ಅಲಗುಗಳನ್ನು ತೆರೆಯುವವರು ಯಾರು? ಬೀಜದ ಸುತ್ತಲಿನ ವಿದ್ಯುತ್ ಕ್ಷೇತ್ರ. ಡ್ಯೂಟೆರಾನು ಗುಂಡಗಿಲ್ಲದೆ ನೀಳವಾಗಿರುವುದರಿಂದ ನೆರೆಯ ಪರಮಾಣುಗಳ ಕ್ಷೇತ್ರ ಅದನ್ನು ತನ್ನ ಕಡೆಗೆ ತಿರುವಲೆಳಸುತ್ತದೆ, ಹೊರಗಿನ ಅಯಸ್ಕಾಂತ ತನ್ನ ಕಡೆಗೆ ಎಳೆಯುತ್ತದೆ. ಎರಡರ ದಿಕ್ಕು ಬೇರೆಯಾದಲ್ಲಿ ಒಂದೇ ಅಕ್ಷದ ಮಾತು ಮುರಿದುಬೀಳುತ್ತದೆ. ಲಕ್ಷ್ಯವನ್ನು ಸಿದ್ಧಪಡಿಸುವವರು ಅಡಚಣೆಯೆಂದು ಎಣಿಸಿದುದನ್ನು ಮೈಸೂರಿನವರು ಅವಕಾಶವೆಂದು ಕಂಡುದು ನನಗೆ ಬಹಳ ಸೊಗಸಾಗಿ ತೋರುತ್ತದೆ.

ಈ ಚರ್ಚೆ ಬರಿಯ ಸೂಕ್ಷ್ಮಪ್ರಿಯರದಾಗಿ ಉಳಿಯಲಿಲ್ಲ. 1988ರಲ್ಲಿ ಯೂರೋಪಿನ ಸೆರ್ನ್ ಪ್ರಯೋಗಶಾಲೆಯವರು ಧ್ರುವೀಕೃತ ಅಮೋನಿಯಾದ ಮೇಲೆ ಮ್ಯುಯಾನುಗಳನ್ನು ಚದರಿಸಿ, ಪ್ರೋಟಾನಿನ ಗಿರಕಿಯಲ್ಲಿ ಅದರೊಳಗಿನ ಕ್ವಾರ್ಕುಗಳ ಗಿರಕಿಯ ಪಾಲು ಅಲ್ಪವೆಂದು ಸಾರಿದಾಗ ಎಲ್ಲರೂ ಬೆಚ್ಚಿದರು. ಹಾಗಾದರೆ ನ್ಯೂಟ್ರಾನಿನಲ್ಲಿ ಹೇಗೆಂದು ತಿಳಿಯಲು 1993ರ ಹೊತ್ತಿಗೆ ಅಲ್ಲಿಯೇ ಡ್ಯೂಟೆರಾನನ್ನು ಧ್ರುವೀಕರಿಸಿ ಅಳೆದರು. ಡ್ಯೂಟೆರಾನಿನಿಂದ ನ್ಯೂಟ್ರಾನಿಗೆ ಇಳಿಯುವಾಗ ಧ್ರುವೀಕರಣವನ್ನು ನೂರಕ್ಕೆ ಏಳೆಂಟರಷ್ಟು ಕಡಿಮೆಯೆಂದು ತಿದ್ದಿಕೊಳ್ಳಬೇಕಾಯಿತು. ತಿದ್ದುಪಡಿ ಸಣ್ಣದು; ಆದರೆ ಡ್ಯೂಟೆರಾನನ್ನು ಕೇಳಿ ನ್ಯೂಟ್ರಾನಿನ ಉತ್ತರ ಪಡೆಯುವುದರ ಹೊಣೆ ಎಷ್ಟೆಂಬುದನ್ನು ಮಾನಸಗಂಗೋತ್ರಿಯ ಆ ಮೂವರು ಹದಿನಾಲ್ಕು ವರ್ಷ ಹಿಂದೆಯೇ ಚರ್ಚಿಸಿದ್ದರು.

ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನಲ್ಲಿದ್ದುಕೊಂಡು, ವಿದ್ಯುತ್ ಕಾಂತಕ್ಷೇತ್ರಗಳೆರಡೂ ಕೂಡಿದೆಡೆ ಪರಮಾಣುಗಳು ಚದರಿಸುವ ಬೆಳಕಿನ ಧ್ರುವೀಕರಣಕ್ಕೆ ಇದೇ ಗಣಿತವನ್ನು ಖಗೋಳವಿಜ್ಞಾನಿಗಳೊಡನೆ ಅನ್ವಯಿಸಿದರು. ಅವರ ಶಿಷ್ಯರು ಮೈಸೂರು, ಬೆಂಗಳೂರು, ಮದರಾಸು, ಕಾನ್ಪುರಗಳಲ್ಲಿ ಪಾಠ ಹೇಳಿದರು. ಇಷ್ಟನ್ನೂ ಇಂಗ್ಲಿಷಿನ ಪತ್ರಿಕೆಗಳ ಪುಟಗಳಿಂದ ಆರಿಸಿಕೊಳ್ಳಬೇಕಾಗಿದೆ. ಆ ಕರಿಹಲಗೆಯ ಮುಂದೆ ಕುಳಿತಿದ್ದವರ ಟಿಪ್ಪಣಿಪುಸ್ತಕಗಳೂ ಕರಡುಗಳೂ ಯಾರ ಮನೆಯ ಅಟ್ಟದ ಮೇಲಾದರೂ ಇದ್ದಲ್ಲಿ, ಹಳೆಯ ಕಾಗದದ ತೂಕಕ್ಕೆ ಹಾಕುವ ಮೊದಲು ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಒಮ್ಮೆ ತೋರಿಸಬೇಕೆಂದು ಮೈಸೂರಿನ ಓದುಗರನ್ನು ಕೇಳಿಕೊಳ್ಳುತ್ತೇನೆ.