ಬೀದರದಿಂದ ಕಲಬುರಗಿಗೆ: ಒಂದು ರೈಲುಹಾದಿಯ ಇತಿಹಾಸ

(ನಮ್ಮ ಕೂಟದ ರಾಜ್ಯೋತ್ಸವ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ರಾಜ್ಯೋತ್ಸವದ ದಿನ ನಾವು 1956ರ ನವೆಂಬರ್ 1ನ್ನು ನೆನೆಯುತ್ತೇವೆ. ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ನಾಡು ಅಂದು ಒಂದಾಯಿತೆಂದು ಹೆಮ್ಮೆಪಡುತ್ತೇವೆ. ಆ ಹೆಮ್ಮೆ ಯೋಗ್ಯವಾದದ್ದೇ. ಆದರೆ ಭೂಪಟದಲ್ಲಿ ಒಂದು ದಿನದಲ್ಲಿ ನಡೆದ ಏಕೀಕರಣ ನೆಲದ ಮೇಲೆ ಎಷ್ಟು ಕಾಲ ಹಿಡಿಯಿತೆಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಅದಕ್ಕೊಂದು ನಿದರ್ಶನವಾಗಿ, ನಾಡಿನ ಉತ್ತರದ ತುತ್ತತುದಿಯಲ್ಲಿರುವ ಬೀದರದ ರೈಲುಹಾದಿಯ ಇತಿಹಾಸವನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇನೆ. ಬೀದರ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅಲ್ಲಿಂದ ನೆರೆಯ ಕಲಬುರಗಿಗೆ ನೇರ ರೈಲು ಹೊರಟದ್ದು 2017ರಲ್ಲಿ. ಈ ಎರಡರ ನಡುವೆ 61 ವರ್ಷಗಳ ಅಂತರವಿದೆ.

ಈ ಎರಡು ಊರುಗಳ ನಂಟು ಹೊಸದಲ್ಲ. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯಕ್ಕೆ ಮೊದಲು ಕಲಬುರಗಿಯೇ ರಾಜಧಾನಿಯಾಗಿತ್ತು. 1420ರ ದಶಕದಲ್ಲಿ ಸುಲ್ತಾನ ಅಹಮದ್ ಷಾ ತನ್ನ ಗದ್ದುಗೆಯನ್ನು ಬೀದರಕ್ಕೆ ಒಯ್ದನು. ಒಂದಿಡೀ ರಾಜಧಾನಿಯೇ ಸಾಗಿಬಂದ ದಾರಿಯಿದು. ಮುಂದೆ ಬೀದರದಲ್ಲಿ ಮಹಮದ್ ಗವಾನನ ಮದರಸಾ ಎದ್ದು ನಿಂತಿತು. ಬಿದರಿ ಕಲೆ ಬೆಳೆಯಿತು. ಇದೇ ಸೀಮೆಯ ಕಲ್ಯಾಣವು ಅದಕ್ಕೂ ಮೊದಲು ಚಾಲುಕ್ಯರ ರಾಜಧಾನಿಯಾಗಿ, ಬಸವಾದಿ ಶರಣರ ಕರ್ಮಭೂಮಿಯಾಗಿ ಹೆಸರಾಗಿತ್ತು. ಹೀಗಿದ್ದರೂ ಉಗಿಬಂಡಿಯ ಯುಗ ಬಂದಾಗ ಹಳೆಯ ಈ ದಾರಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಏಕೆಂದರೆ ರೈಲುಹಾದಿಯನ್ನು ಎಳೆದವರ ದೃಷ್ಟಿ ಬೇರೆ ಕಡೆಗಿತ್ತು.

ಬ್ರಿಟಿಷರಿಗೆ ಬೇಕಿದ್ದದ್ದು ಮುಂಬಯಿಯನ್ನೂ ಮದರಾಸನ್ನೂ ಜೋಡಿಸುವ ಹೆದ್ದಾರಿ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸ್ ಕಡೆಯಿಂದ ಬಂದ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಕಲಬುರಗಿ ಆ ಹಾದಿಯಲ್ಲೇ ಇದ್ದುದರಿಂದ ಅದಕ್ಕೆ ರೈಲು ಬಂದಿತು. ಹೈದರಾಬಾದ್ ಮಾತ್ರ ಹಾದಿಯಿಂದ ದೂರ ಉಳಿಯಿತು. ನಿಜಾಮರ ರಾಜಧಾನಿಯನ್ನೂ ಸಿಕಂದರಾಬಾದಿನ ದಂಡುಪ್ರದೇಶವನ್ನೂ ಮುಖ್ಯ ಹಾದಿಗೆ ಜೋಡಿಸಲೆಂದು ವಾಡಿಯಿಂದ ಹೊಸದೊಂದು ಮಾರ್ಗವನ್ನು ನಿಜಾಮರ ಸಂಸ್ಥಾನದ ಹಣದಲ್ಲಿ ಹಾಕಲಾಯಿತು. 1874ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಚಿತ್ತಾಪುರ, ಸೇಡಂಗಳಂಥ ಕನ್ನಡದ ಊರುಗಳು ರೈಲು ಕಂಡದ್ದು ಹೀಗೆ.

ಬೀದರದ ಸರದಿ ಬರಲು ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು. 1930ರ ದಶಕದ ಆರಂಭದಲ್ಲಿ, ವಾಡಿ-ಸಿಕಂದರಾಬಾದ್ ಮಾರ್ಗದ ವಿಕಾರಾಬಾದಿನಿಂದ ಕವಲೊಂದು ಹೊರಟು ಬೀದರವನ್ನು ಮುಟ್ಟಿತು. ಅಲ್ಲಿಂದ ಮುಂದೆ ಭಾಲ್ಕಿ, ಉದಗೀರಗಳನ್ನು ಹಾದು ಮರಾಠವಾಡದ ಪರಳಿ ವೈಜನಾಥವನ್ನು ತಲುಪಿತು. ನಿಜಾಮರ ಆಡಳಿತದ ದೃಷ್ಟಿಯಿಂದ ಇದು ಸಹಜವಾದ ಯೋಜನೆಯೇ ಆಗಿತ್ತು. ಜಿಲ್ಲೆಯ ಫಸಲು, ಅಧಿಕಾರಿಗಳು, ಕಚೇರಿಯ ಕಾಗದಪತ್ರ ಎಲ್ಲವೂ ರಾಜಧಾನಿಯಾದ ಹೈದರಾಬಾದಿನತ್ತ ಸಾಗಬೇಕಿತ್ತು. ಕಲಬುರಗಿಯೂ ಬೀದರವೂ ಒಂದೇ ಸಂಸ್ಥಾನದ ಎರಡು ಜಿಲ್ಲೆಗಳಾಗಿದ್ದವು. ಅವೆರಡನ್ನೂ ಪರಸ್ಪರ ಜೋಡಿಸುವ ಅಗತ್ಯ ಆಳುವವರಿಗೆ ಕಾಣಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರದಂಥ ತಾಲೂಕುಗಳು ಇಂದಿನ ಮಹಾರಾಷ್ಟ್ರದ ಕಡೆಗೆ ಹೋದವು; ಜಹೀರಾಬಾದ್ ಮೊದಲಾದವು ಆಂಧ್ರಪ್ರದೇಶಕ್ಕೆ ಸೇರಿದವು. ಬೀದರ, ಭಾಲ್ಕಿ, ಹುಮನಾಬಾದ್, ಔರಾದ್ ಮುಂತಾದ ಭಾಗ ಮೈಸೂರು ರಾಜ್ಯಕ್ಕೆ ಬಂದಿತು. ಜನರು ಒಂದು ರಾತ್ರಿ ಕಳೆಯುವುದರೊಳಗೆ ಹೊಸ ರಾಜ್ಯದ ಪ್ರಜೆಗಳಾದರು. ಹಳಿಗಳು ಮಾತ್ರ ಇದ್ದಲ್ಲಿಯೇ ಇದ್ದವು. ಅವು ಇನ್ನೂ ನಿಜಾಮರ ಭೂಪಟವನ್ನೇ ಅನುಸರಿಸುತ್ತಿದ್ದವು.

ಇದರ ಪರಿಣಾಮವನ್ನು ಸ್ವಲ್ಪ ವಿವರವಾಗಿ ನೋಡೋಣ. ಬೀದರದವರು ರೈಲಿನಲ್ಲಿ ಕಲಬುರಗಿಗೆ ಹೋಗಬೇಕೆಂದರೆ ಮೊದಲು ತೆಂಕಣಕ್ಕೆ ಇಳಿದು ಪರರಾಜ್ಯದ ವಿಕಾರಾಬಾದನ್ನು ಸೇರಬೇಕು. ಅಲ್ಲಿ ಗಾಡಿ ಬದಲಿಸಿ ಪಡುವಣಕ್ಕೆ ತಾಂಡೂರು, ಸೇಡಂ ದಾಟಿ ವಾಡಿಗೆ ಬರಬೇಕು. ಅನಂತರ ಮತ್ತೆ ಬಡಗಣಕ್ಕೆ ತಿರುಗಿ ಕಲಬುರಗಿ ಮುಟ್ಟಬೇಕು. ಒಟ್ಟು ದೂರ ಇನ್ನೂರು ಕಿಲೋಮೀಟರಿಗೂ ಹೆಚ್ಚು. ರಸ್ತೆಯಲ್ಲಾದರೆ ಅದರ ಅರ್ಧದಷ್ಟು. ಆದ್ದರಿಂದ ಎಲ್ಲರೂ ಹುಮನಾಬಾದಿನ ಮೇಲಿಂದ ಹೋಗುವ ಬಸ್ಸನ್ನೇ ನೆಚ್ಚಿಕೊಂಡರು.

ಕಲಬುರಗಿಗೆ ಹೋಗುವ ಅಗತ್ಯವಾದರೋ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಹೋಯಿತು. ವಿಭಾಗೀಯ ಕಚೇರಿಗಳು ಅಲ್ಲಿದ್ದವು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವೂ ಬಂದಿತು. ವಿದ್ಯಾರ್ಥಿಗೆ, ಕಕ್ಷಿದಾರನಿಗೆ, ರೋಗಿಗೆ, ರೈತನಿಗೆ ಕಲಬುರಗಿ ಬೇಕಾಗಿತ್ತು. ರೈಲು ಮಾತ್ರ ಅವರನ್ನು ಹೈದರಾಬಾದಿಗೆ ಕರೆದೊಯ್ಯುತ್ತಿತ್ತು. ಹೈದರಾಬಾದಿನೊಡನೆ ಬೀದರದವರಿಗೆ ವ್ಯಾಪಾರ, ಬಂಧುತ್ವ, ವೈದ್ಯಕೀಯ ಎಲ್ಲ ಬಗೆಯ ನಂಟೂ ಇದೆ. ಅದನ್ನು ಕಡಿದುಕೊಳ್ಳಬೇಕೆಂದು ಯಾರೂ ಹೇಳುವುದಿಲ್ಲ. ತಮ್ಮದೇ ರಾಜ್ಯಕ್ಕೆ ಹೋಗಲು ಅಂಥದೇ ಒಂದು ಹಾದಿ ಬೇಕೆಂಬುದಷ್ಟೇ ಅವರ ಬೇಡಿಕೆಯಾಗಿತ್ತು.

ಬೀದರ-ಕಲಬುರಗಿ ಹೊಸ ಮಾರ್ಗಕ್ಕೆ ಮಂಜೂರಾತಿ ದೊರೆತದ್ದು 1990ರ ದಶಕದ ಕೊನೆಯ ಭಾಗದಲ್ಲಿ. ಸುಮಾರು 110 ಕಿಲೋಮೀಟರ್ ಉದ್ದದ ಹಾದಿಗೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿಡಿಯಿತು. ಕಾರಣಗಳನ್ನು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ಪ್ರತಿವರ್ಷದ ಮುಂಗಡಪತ್ರದಲ್ಲಿ ಚೂರುಚೂರಾಗಿ ಬರುವ ಹಣದಿಂದ ಕಾಮಗಾರಿ ಕುಂಟುತ್ತ ಸಾಗುತ್ತದೆ. ಕಾಮಗಾರಿ ಕುಂಟಿದಷ್ಟೂ ವೆಚ್ಚ ಏರುತ್ತದೆ. ವೆಚ್ಚ ಏರಿದಷ್ಟೂ ಬಂದ ಹಣ ಸಾಲದಾಗುತ್ತದೆ. ಕೊನೆಗೆ ವೆಚ್ಚ ಮೊದಲ ಅಂದಾಜಿನ ಹಲವು ಪಟ್ಟಾಗಿ 1,500 ಕೋಟಿ ರೂಪಾಯಿಗಳನ್ನು ಮೀರಿತು. ಅದರ ಭಾರದಲ್ಲಿ ರಾಜ್ಯ ಸರ್ಕಾರವೂ ಪಾಲು ಹೊತ್ತಿತು. ನೆಲವೂ ಸುಲಭವಾದುದಲ್ಲ. ಬೀದರವಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಕಲಬುರಗಿಯ ಎರೆಭೂಮಿಗೆ ಇಳಿಯುವ ಮುನ್ನ ಗುಡ್ಡಗಳನ್ನು ಹಾಯಬೇಕು. ಮರಗುತ್ತಿಯ ಬಳಿ ಒಂದೂವರೆ ಕಿಲೋಮೀಟರಿಗೂ ಮೀರಿದ ಸುರಂಗವನ್ನೇ ಕೊರೆಯಬೇಕಾಯಿತು.

2017ರ ಅಕ್ಟೋಬರ್ 29ರಂದು ಪ್ರಧಾನಮಂತ್ರಿಗಳು ಬೀದರದಲ್ಲಿ ಈ ಮಾರ್ಗವನ್ನು ಉದ್ಘಾಟಿಸಿದರು. ರಾಜ್ಯೋತ್ಸವಕ್ಕೆ ಮೂರೇ ದಿನ ಉಳಿದಿದ್ದವು. ಹುಮನಾಬಾದ್, ಕಮಲಾಪುರಗಳ ಮೂಲಕ ಡೆಮು ರೈಲು ಓಡಿತು. ಬಹಮನಿ ಸುಲ್ತಾನನ ಕಾಲದ ದಾರಿಯ ಆಸುಪಾಸಿನಲ್ಲೇ ಆರು ಶತಮಾನಗಳ ಬಳಿಕ ಹಳಿ ಬಂದಿತೆನ್ನಬಹುದು.

ಕಥೆ ಇಲ್ಲಿಗೆ ಮುಗಿಯಿತೆಂದು ಹೇಳುವಂತಿಲ್ಲ. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ನೈಋತ್ಯ ರೈಲ್ವೆ ವಲಯ ಆರಂಭವಾದಾಗ ಬೀದರವಾಗಲಿ ಕಲಬುರಗಿಯಾಗಲಿ ಅದರೊಳಗೆ ಸೇರಲಿಲ್ಲ. ಬೀದರ ಸಿಕಂದರಾಬಾದ್ ವಿಭಾಗದಲ್ಲಿಯೂ ಕಲಬುರಗಿ ಸೊಲ್ಲಾಪುರ ವಿಭಾಗದಲ್ಲಿಯೂ ಉಳಿದವು. ಅಂದರೆ ಹಳೆಯ ಎರಡು ಕಂಪನಿಗಳ ಗಡಿ ಕಚೇರಿಯ ಕಡತಗಳಲ್ಲಿ ಹಾಗೆಯೇ ಮುಂದುವರಿಯಿತು. ಸಣ್ಣ ನಗರಕ್ಕೆ ಇದು ಹಗುರವಾದ ವಿಷಯವಲ್ಲ. ಹಳಿ ಹಾಕಿದ ಮಾತ್ರಕ್ಕೆ ಪ್ರಯಾಣಿಕರ ಸೇವೆ ಬಂದಂತಾಗುವುದಿಲ್ಲ. ಬೆಳಗ್ಗೆ ಕಾಲೇಜಿಗೂ ಕಚೇರಿಗೂ ತಲುಪಿಸಿ ಸಂಜೆ ಮನೆಗೆ ಕರೆತರುವ ವೇಳಾಪಟ್ಟಿ ಬೇಕು. ಕಲಬುರಗಿಯಲ್ಲಿ ಬೆಂಗಳೂರಿನ ರೈಲು ಸಿಗುವಂಥ ಹೊಂದಾಣಿಕೆ ಬೇಕು. ವೇಳೆ ಒಗ್ಗದ ರೈಲಿಗೆ ಜನ ಬರುವುದಿಲ್ಲ. ಜನ ಬರಲಿಲ್ಲವೆಂಬ ಕಾರಣಕ್ಕೆ ರೈಲು ಹೆಚ್ಚುವುದಿಲ್ಲ. ಈ ಸುಳಿಯಿಂದ ಹೊರಬರಲು ಯಾರಾದರೂ ಮೊದಲ ಹೆಜ್ಜೆ ಇಡಬೇಕು. ಅದನ್ನು ಪ್ರಯಾಣಿಕನೇ ಇಡಲೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಬಂಧುಗಳೇ, ಇಲ್ಲಿ ನೆರೆದಿರುವ ನಮ್ಮಲ್ಲಿ ಹಲವರು ಊರಿಗೆ ಹೋಗುವುದೆಂದರೆ ಬೆಂಗಳೂರಿನಲ್ಲಿ ವಿಮಾನದಿಂದ ಇಳಿಯುವುದು ಎಂದೇ ತಿಳಿದಿದ್ದೇವೆ. ಕನ್ನಡನಾಡಿನ ವಿಸ್ತಾರ ಅದಕ್ಕಿಂತ ದೊಡ್ಡದು. ಮುಂದಿನ ಸಲ ಊರಿಗೆ ಹೋದಾಗ ಬಿಡುವು ಮಾಡಿಕೊಂಡು ಕಲಬುರಗಿಯಲ್ಲಿ ಬೀದರದ ರೈಲು ಹತ್ತಿರಿ. ಬಹಮನಿಯರ ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ಹೋಗುವ ಪಯಣವದು. ನಿಮ್ಮ ಪಕ್ಕದಲ್ಲಿ ಕುಳಿತ ಹಿರಿಯರನ್ನು, ಈ ಹಾದಿ ಇಲ್ಲದ ಕಾಲದಲ್ಲಿ ಹೇಗೆ ಓಡಾಡುತ್ತಿದ್ದಿರಿ ಎಂದು ಕೇಳಿ ನೋಡಿ. ಏಕೀಕರಣದ ಇತಿಹಾಸದಲ್ಲಿ ಪುಸ್ತಕಕ್ಕೆ ಇನ್ನೂ ಏರದ ಅಧ್ಯಾಯವೊಂದನ್ನು ಅವರು ನಿಮಗೆ ಹೇಳಿಯಾರು.