ಜ್ವರ ಬಿಟ್ಟ ದಿನ

ವಿಜಯಪುರದ ನೆರೆಯ ತೊರವಿಯೆಂದರೆ ಸಾಹಿತ್ಯಪ್ರಿಯರಿಗೆ ಕುಮಾರವಾಲ್ಮೀಕಿಯ ರಾಮಾಯಣದ ನೆನಪು. ಇತಿಹಾಸಪ್ರಿಯರಿಗೆ ಆದಿಲಶಾಹಿಯ ಕಾಲದಲ್ಲಿ ಅಲ್ಲಿಂದ ನಗರಕ್ಕೆ ನೀರೊಯ್ದ ಸುರಂಗದ ನೆನಪು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಜನ ಹಂಡೆ ಹರವಿಗಳಲ್ಲಿ ನೀರು ಕೂಡಿಟ್ಟು ಬಾಳಿದವರು. ಕೂಡಿಟ್ಟ ನೀರಿಗೂ ಅಂಗಳದಲ್ಲಿ ತಪ್ಪುಹೆಜ್ಜೆಯಿಡುವ ಕೂಸನ್ನು ಮರಳಿ ಮರಳಿ ಕಾಡುವ ಚಳಿಜ್ವರಕ್ಕೂ ನಂಟುಂಟೆಂದು ತಿಳಿಯಲು ಶತಮಾನಗಳೇ ಹಿಡಿದವು.

ಜ್ವರದ ಲೆಕ್ಕವೇನೋ ನಮ್ಮವರಿಗೆ ಗೊತ್ತಿತ್ತು. ಚರಕಸಂಹಿತೆಯು ವಿಷಮಜ್ವರವನ್ನು ಐದು ಬಗೆಯಾಗಿ ವಿಂಗಡಿಸಿ, ಒಂದು ದಿನ ಬಿಟ್ಟು ಬರುವುದನ್ನು ತೃತೀಯಕವೆಂದೂ ಎರಡು ದಿನ ಬಿಟ್ಟು ಬರುವುದನ್ನು ಚತುರ್ಥಕವೆಂದೂ ಕರೆಯಿತು. ಕಾಲ ತಿಳಿದಿತ್ತು, ಕಾರಣ ತಿಳಿದಿರಲಿಲ್ಲ.

1880ರಲ್ಲಿ ಲಾವೆರಾನನು ಅಲ್ಜೀರಿಯದಲ್ಲಿ ರೋಗಿಯ ರಕ್ತದೊಳಗೆ ಮಲೇರಿಯದ ಜೀವಾಣುವನ್ನು ಕಂಡನು. 1883ರಲ್ಲಿ ಬೆಂಗಳೂರಿನಲ್ಲಿದ್ದ ರೊನಾಲ್ಡ್ ರಾಸನು ತನ್ನ ಬಂಗಲೆಯ ಬಳಿಯ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು, ನೀರು ಚೆಲ್ಲಿಸಿ ಸೊಳ್ಳೆಯ ಕಾಟ ತಗ್ಗಿಸಿದನು. ಅವನೇ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದಲ್ಲಿ ಆ ಜೀವಾಣುವನ್ನು ಗುರುತಿಸಿದನು. ಜೀವಾಣುಗಳು ರಕ್ತಕಣಗಳನ್ನೊಡೆದು ಹೊರಬೀಳುವ ಹೊತ್ತೇ ಜ್ವರದ ಸರದಿ.

ಕೂಸಿನ ಜ್ವರವೆಲ್ಲ ಮಲೇರಿಯವಲ್ಲ. ನೆಗಡಿಯ ಜ್ವರಗಳೇ ಹೆಚ್ಚು. ಆದರೆ ಜ್ವರ ಬಿಟ್ಟ ದಿನ ಕೂಸು ನಕ್ಕು ಆಡಿತೆಂದು ಮನೆಯವರು ನಿಶ್ಚಿಂತರಾಗುವುದರಲ್ಲಿಯೇ ಅಪಾಯವಿದೆ. ಎಳೆಯರಲ್ಲಿ ಸರದಿ ತಪ್ಪುವುದೂ ಉಂಟು. ಆದ್ದರಿಂದ ಮುಂದಿನ ಸರದಿಗೆ ಕಾಯದೆ ರಕ್ತಪರೀಕ್ಷೆ ಮಾಡಿಸುವುದೇ ಲೇಸು. ಅಜ್ಜಿ ಬೆರಳೆಣಿಸಿ ಇಟ್ಟ ದಿನದ ಲೆಕ್ಕವನ್ನು ವೈದ್ಯರಿಗೆ ತಪ್ಪದೆ ಹೇಳಿರಿ. ಅದೂ ಒಂದು ಶಾಸ್ತ್ರವೇ.